ಇಜಿಎಫ್‌ಆರ್ ಆಂಟಿಬಾಡಿ: ಬ್ಲಾಟ್‌ನಲ್ಲಿ ಬ್ಯಾಂಡ್ ಬರುತ್ತೆ, ಫ್ಲೋದಲ್ಲಿ ಏನೂ ಕಾಣಲ್ಲ, ಯಾಕೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಪಿಎಚ್‌.ಡಿ ಎರಡನೇ ವರ್ಷದಲ್ಲಿದ್ದೇನೆ. ಮನುಷ್ಯರ ಕ್ಯಾನ್ಸರ್ ಸೆಲ್‌ಗಳಲ್ಲಿ ಇಜಿಎಫ್ ರಿಸೆಪ್ಟರ್ (ಇಜಿಎಫ್‌ಆರ್, ಅಂದರೆ ಸೆಲ್ ಬೆಳೆಯಲು ಹೇಳುವ ಇಜಿಎಫ್ ಎಂಬ ಪ್ರೋಟೀನನ್ನು ಹಿಡಿಯುವ ಪ್ರೋಟೀನ್) ಎಷ್ಟಿದೆ ಎಂದು ನೋಡಬೇಕು. ಅದನ್ನು ಹಿಡಿದು ತೋರಿಸಲು ಮೊಲದಲ್ಲಿ ತಯಾರಿಸಿದ ಒಂದು ಪಾಲಿಕ್ಲೋನಲ್ (ಹಲವು ಬಗೆಯವು ಬೆರೆತ) ಆಂಟಿಬಾಡಿ ತರಿಸಿದ್ದೇವೆ. ರಿಸೆಪ್ಟರಿನ ಸಿ-ತುದಿಯ (ಪ್ರೋಟೀನ್ ಸರಪಳಿಯ ಕೊನೆಯ) ಪೆಪ್ಟೈಡ್, ಅಂದರೆ ಚಿಕ್ಕ ತುಂಡು, ಕೊಟ್ಟು ಮಾಡಿದ್ದು. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿ ಹಾಕಿ ನೋಡುವ ವಿಧಾನ) ಎ431 ಎಂಬ ಚರ್ಮದ ಕ್ಯಾನ್ಸರ್ ಸೆಲ್‌ಗಳಲ್ಲಿ 170 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ದಪ್ಪ ಬ್ಯಾಂಡ್ ಬರುತ್ತದೆ, ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಸೆಲ್‌ಗಳಲ್ಲಿ ಅಲ್ಲಿ ಬಹುತೇಕ ಏನೂ ಇಲ್ಲ. ಆದರೆ ಎರಡರಲ್ಲೂ 70ರ ಹತ್ತಿರ ಒಂದೇ ದಪ್ಪದ ಇನ್ನೊಂದು ಬ್ಯಾಂಡ್ ಇದೆ. ಇದು ಚಿಕ್ಕ ಐಸೊಫಾರ್ಮ್ (ಅದೇ ಪ್ರೋಟೀನಿನ ಇನ್ನೊಂದು ರೂಪ) ಇರಬಹುದೇ? ಪಕ್ಕದ ಲ್ಯಾಬ್‌ನವರು ರಿಸೆಪ್ಟರಿನ ಹೊರಭಾಗದ ವಿರುದ್ಧ ಇರುವ ಆಂಟಿಬಾಡಿ ಹಾಕಿದರೆ ನಮ್ಮದೇ ಎ431 ಲೈಸೇಟ್‌ನಲ್ಲಿ (ಸೆಲ್ ಒಡೆದು ತೆಗೆದ ದ್ರವ) 150ರ ಬ್ಯಾಂಡ್ ಕೂಡ ಕಾಣುತ್ತದೆ, ನಮ್ಮದಕ್ಕೆ ಕಾಣುವುದಿಲ್ಲ. ಇನ್ನು ಫ್ಲೋ ಸೈಟೊಮೆಟ್ರಿಯಲ್ಲಿ (ಒಂದೊಂದೇ ಸೆಲ್ಲಿಗೆ ಎಷ್ಟು ಆಂಟಿಬಾಡಿ ಅಂಟಿದೆ ಎಂದು ಅಳೆಯುವ ವಿಧಾನ), ಟ್ರಿಪ್ಸಿನ್ ಹಾಕಿ ಎಬ್ಬಿಸಿದ ಜೀವಂತ ಎ431 ಸೆಲ್‌ಗಳಲ್ಲಿ ಸಿಗ್ನಲ್ಲೇ ಇಲ್ಲ. ಗೈಡ್ ಆಂಟಿಬಾಡಿ ಕೆಟ್ಟಿದೆ, ಬೇರೆ ತರಿಸಿ ಎನ್ನುತ್ತಾರೆ. ಕಂಪನಿಯವರು ಪೆಪ್ಟೈಡ್ ಬ್ಲಾಕಿಂಗ್ ಮಾಡಿ ತೋರಿಸಿದ್ದೇವೆ, ಸರಿಯಾಗಿದೆ ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಮೊದಲು ಹೇಳುವ ಮಾತು, ಅದನ್ನು ಎಸೆಯಬೇಡಿ. ನೀವು ಕೊಟ್ಟ ವಿವರ ಜೋಡಿಸಿ ನೋಡಿದರೆ 170ರ ಬ್ಯಾಂಡ್ ಇಜಿಎಫ್‌ಆರ್ ಆಗಿರುವ ಸಾಧ್ಯತೆಯೇ ಜಾಸ್ತಿ. ಫ್ಲೋದಲ್ಲಿ ಸಿಗ್ನಲ್ ಬಾರದಿರುವುದಕ್ಕೆ ಕಾರಣ ಆಂಟಿಬಾಡಿ ಹಾಳಾಗಿದ್ದಲ್ಲ, ಅದು ಹಿಡಿಯಬೇಕಾದ ಜಾಗ ಸೆಲ್ಲಿನ ಒಳಗಿದೆ. 70ರ ಬ್ಯಾಂಡ್ ಮಾತ್ರ ಬೇರೆಯೇ ವಿಷಯ. ಅದನ್ನು ಇಜಿಎಫ್‌ಆರ್ ಎಂದು ದಯವಿಟ್ಟು ಎಲ್ಲೂ ಬರೆಯಬೇಡಿ.

ಫ್ಲೋ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ಇಜಿಎಫ್‌ಆರ್ ಸೆಲ್ಲಿನ ಪೊರೆಯನ್ನು ಒಂದೇ ಸಲ ದಾಟುವ ಪ್ರೋಟೀನ್. ಸಿಗ್ನಲ್ ಪೆಪ್ಟೈಡ್ ಕಳಚಿದ ಮೇಲೆ 1186 ಅಮಿನೋ ಆಮ್ಲ ಉಳಿಯುತ್ತವೆ. ಅದರಲ್ಲಿ ಮೊದಲ 621 ಸೆಲ್ಲಿನ ಹೊರಗೆ, 23 ಪೊರೆಯೊಳಗೆ, ಉಳಿದ 542 ಸೆಲ್ಲಿನ ಒಳಗೆ. ಇಜಿಎಫ್ ಬಂದು ಕೂರುವುದು ಹೊರಭಾಗದಲ್ಲಿ. ಕೈನೇಸ್ (ಫಾಸ್ಫೇಟ್ ಅಂಟಿಸುವ ಭಾಗ) ಮತ್ತು ಫಾಸ್ಫೇಟ್ ಅಂಟಿಕೊಳ್ಳುವ ಬಾಲ ಒಳಭಾಗದಲ್ಲಿ. ಸಿ-ತುದಿ ಅಂದರೆ ಆ ಬಾಲದ ಕೊನೆ. ಜೀವಂತ ಸೆಲ್ಲಿನ ಪೊರೆ ಆಂಟಿಬಾಡಿಯನ್ನು ಒಳಗೆ ಬಿಡುವುದಿಲ್ಲ. ಬ್ಲಾಟ್‌ನಲ್ಲಿ ನೀವು ಸೆಲ್ ಒಡೆದು, ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಹಾಕಿ, ಪ್ರೋಟೀನನ್ನು ಬಿಚ್ಚಿ ಹಾಸಿದ್ದೀರಿ. ಅಲ್ಲಿ ಬಾಲ ಸಿಕ್ಕಿತು, ಬ್ಯಾಂಡ್ ಬಂತು. ಫ್ಲೋದಲ್ಲಿ ಬಾಲ ಒಳಗೇ ಉಳಿಯಿತು. ಇದರಲ್ಲಿ ಆಂಟಿಬಾಡಿಯ ದೋಷ ಏನೂ ಇಲ್ಲ, ಅಲ್ವಾ?

ನಿಮ್ಮ ಆಂಟಿಬಾಡಿಯನ್ನೇ ಫ್ಲೋದಲ್ಲಿ ನೋಡಬೇಕೆಂದರೆ ಸೆಲ್‌ಗಳನ್ನು ಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಪೊರೆಗೆ ಸ್ಯಾಪೊನಿನ್ ಅಥವಾ ತಣ್ಣನೆಯ ಮೆಥನಾಲ್ ಹಾಕಿ ತೂತು ಮಾಡಬೇಕು. ಆದರೆ ಹಾಗೆ ಮಾಡಿದರೆ ಮೇಲ್ಮೈಯಲ್ಲಿರುವ ರಿಸೆಪ್ಟರ್ ಮತ್ತು ಒಳಗಿನ ಎಂಡೋಸೋಮ್ ಎಂಬ ಚೀಲಗಳಲ್ಲಿರುವ ರಿಸೆಪ್ಟರ್ ಎರಡೂ ಸೇರಿ ಕಾಣುತ್ತವೆ. ಜೊತೆಗೆ 70ರ ಬ್ಯಾಂಡಿನ ಆ ಇನ್ನೊಂದು ಪ್ರೋಟೀನ್ ಕೂಡ ಸೇರಿಕೊಳ್ಳುತ್ತದೆ! ಬ್ಲಾಟ್‌ನಲ್ಲಿ ಬ್ಯಾಂಡ್‌ಗಳು ಬೇರೆ ಬೇರೆ ಎತ್ತರದಲ್ಲಿ ಇರುವುದರಿಂದ ಸರಿಯಾದದ್ದು ಯಾವುದು ಎಂದು ವಿಂಗಡಿಸಬಹುದು. ಫ್ಲೋದಲ್ಲಿ ಸಿಗುವುದು ಒಂದೇ ಸಂಖ್ಯೆ, ಅದರಲ್ಲಿ ಯಾವ ಪಾಲು ಯಾವ ಪ್ರೋಟೀನಿನದು ಎಂದು ತಿಳಿಯುವುದಿಲ್ಲ. ಹಾಗಾಗಿ ಬ್ಲಾಟ್‌ನಲ್ಲಿ ಎರಡು ಬ್ಯಾಂಡ್ ಕೊಡುವ ಆಂಟಿಬಾಡಿಯನ್ನು ಫ್ಲೋಗೆ ಅಥವಾ ಟಿಶ್ಯೂ ಸ್ಟೈನಿಂಗ್‌ಗೆ ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಮೇಲ್ಮೈ ರಿಸೆಪ್ಟರ್ ಅಳೆಯಬೇಕು ಎಂದರೆ ಹೊರಭಾಗ ಹಿಡಿಯುವ ಮೊನೊಕ್ಲೋನಲ್ (ಒಂದೇ ಬಗೆಯ) ಆಂಟಿಬಾಡಿ ತರಿಸಿ. ಹಳೆಯ, ಚೆನ್ನಾಗಿ ಪರಿಚಯವಿರುವ ಎರಡು ಕ್ಲೋನ್‌ಗಳು 225 ಮತ್ತು 528. ಜಾನ್ ಮೆಂಡೆಲ್‌ಸನ್ ಮತ್ತು ಗಾರ್ಡನ್ ಸಾಟೊ ಅವರ ತಂಡ 1980ರ ದಶಕದ ಆರಂಭದಲ್ಲಿ ಎ431ರ ರಿಸೆಪ್ಟರನ್ನೇ ಬಳಸಿ ಇಲಿಯಲ್ಲಿ ಇವನ್ನು ತಯಾರಿಸಿತು. 225ನೇ ಕ್ಲೋನೇ ಮುಂದೆ ಸೆಟುಕ್ಸಿಮ್ಯಾಬ್ ಎಂಬ ಔಷಧವಾಯಿತು. ಇದೇ ರಿಸೆಪ್ಟರಿನ ವಿರುದ್ಧದ ಇನ್ನೊಂದು ಔಷಧ ನಿಮೊಟುಜುಮ್ಯಾಬ್ ಹುಟ್ಟಿದ್ದು ಕ್ಯೂಬಾದ ಹವಾನದಲ್ಲಿ. ಅದನ್ನು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆಂದು 2006ರಲ್ಲಿ ಭಾರತದ ಮಾರುಕಟ್ಟೆಗೆ ತಂದದ್ದು ನಮ್ಮ ಬೆಂಗಳೂರಿನ ಬಯೋಕಾನ್. ಹೊರಭಾಗ ಹಿಡಿಯುವ ಆಂಟಿಬಾಡಿ ಯಾಕೆ ಮುಖ್ಯ ಎಂಬುದಕ್ಕೆ ಈ ಔಷಧಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ರೋಗಿಯ ಮೈಯಲ್ಲಿ ಯಾರೂ ಸೆಲ್‌ಗೆ ತೂತು ಮಾಡಿ ಕೊಡುವುದಿಲ್ಲವಲ್ಲ.

ಒಂದು ಎಚ್ಚರಿಕೆ. 225, 528ರಂಥವು ಮಡಿಚಿಕೊಂಡ ಪ್ರೋಟೀನಿನ ಆಕಾರವನ್ನು ಗುರುತಿಸುತ್ತವೆ. ಬ್ಲಾಟ್‌ನಲ್ಲಿ ಕೈಕೊಡುವುದೇ ಜಾಸ್ತಿ. ಆಗ ಅವು ಕೆಟ್ಟಿವೆ ಎಂದು ತಿಳಿಯಬೇಡಿ. ಎರಡೂ ಇಜಿಎಫ್ ಕೂರುವ ಜಾಗಕ್ಕೇ ಅಡ್ಡ ಬರುವಂಥವು ಕೂಡ. ಅಂದರೆ ಸೆಲ್‌ಗಳಿಗೆ ಮೊದಲೇ ಇಜಿಎಫ್ ಕೊಟ್ಟಿದ್ದರೆ ಸಿಗ್ನಲ್ ಕುಗ್ಗುತ್ತದೆ. ಇಜಿಎಫ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ರಿಸೆಪ್ಟರ್ ಒಳಗೆ ಸರಿಯಲು ಶುರುವಾಗುತ್ತದೆ, ಅದರಿಂದಲೂ ಕುಗ್ಗುತ್ತದೆ. ಆದ್ದರಿಂದ ಸ್ಟೈನಿಂಗ್ ಪೂರ್ತಿ ಐಸ್ ಮೇಲೆ ಮಾಡಿ, ಬಫರಿಗೆ ಸ್ವಲ್ಪ ಸೋಡಿಯಂ ಅಜೈಡ್ ಇರಲಿ. ಟ್ರಿಪ್ಸಿನ್ ಬೇಡ. ಅದು ಪ್ರೋಟೀನ್ ಕತ್ತರಿಸುವ ಕಿಣ್ವ, ನೀವು ಅಳೆಯಲು ಹೊರಟಿರುವ ಹೊರಭಾಗಕ್ಕೇ ಬಾಯಿ ಹಾಕಬಹುದು. ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಹಾಕಿ ತಾಳ್ಮೆಯಿಂದ ಎಬ್ಬಿಸಿ. ಎ431 ಗಟ್ಟಿಯಾಗಿ ಅಂಟಿಕೊಳ್ಳುವ ಸೆಲ್, ಹೊತ್ತು ಹಿಡಿಯುತ್ತದೆ. ಸತ್ತ ಸೆಲ್‌ಗಳು ಯಾವ ಆಂಟಿಬಾಡಿಯನ್ನಾದರೂ ಹೀರಿಕೊಳ್ಳುತ್ತವೆ, ಹಾಗಾಗಿ ಡೆಡ್-ಸೆಲ್ ಡೈ ಇಲ್ಲದೆ ಗೇಟ್ ಹಾಕಬೇಡಿ (ಅಂದರೆ ಲೆಕ್ಕಕ್ಕೆ ಸೆಲ್ ಆರಿಸಬೇಡಿ).

ಈಗ 150ರ ಬ್ಯಾಂಡ್. ಇದು ನಿಮ್ಮ ಪ್ರಶ್ನೆಯ ಅತ್ಯಂತ ಚೆಂದದ ಭಾಗ. ಇದನ್ನು ಗಮನಿಸಿದ್ದಕ್ಕೆ ನಿಮಗೆ ಶಹಬ್ಬಾಸ್ ಹೇಳಲೇಬೇಕು.

ಇಜಿಎಫ್ ಕಂಡುಹಿಡಿದು 1986ರ ನೊಬೆಲ್ ಬಹುಮಾನ ಹಂಚಿಕೊಂಡ ಸ್ಟಾನ್ಲಿ ಕೋಹೆನ್ ಅವರ ಲ್ಯಾಬ್ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿತ್ತು. ಅವರೂ ಎ431 ಸೆಲ್‌ಗಳಿಂದಲೇ ರಿಸೆಪ್ಟರ್ ಶುದ್ಧ ಮಾಡುತ್ತಿದ್ದರು. ಮೊದಮೊದಲು ಸಿಗುತ್ತಿದ್ದದ್ದು 150 ಕಿಲೋಡಾಲ್ಟನ್ ಪ್ರೋಟೀನ್. ಅದು ಇಜಿಎಫ್ ಹಿಡಿಯುತ್ತಿತ್ತು, ಕೈನೇಸ್ ಕೆಲಸವನ್ನೂ ಮಾಡುತ್ತಿತ್ತು. ಹಾಗಾಗಿ ಅದೇ ರಿಸೆಪ್ಟರ್ ಎಂದುಕೊಳ್ಳುವುದು ಸಹಜವಾಗಿತ್ತು. ಆಮೇಲೆ, 1982ರ ಹೊತ್ತಿಗೆ, ನಿಜವಾದ ಗಾತ್ರ 170 ಎಂದು ತಿಳಿಯಿತು. ಸೆಲ್ ಒಡೆದಾಗ ಕ್ಯಾಲ್ಸಿಯಂ ಸಿಕ್ಕರೆ ಚುರುಕಾಗುವ ಒಂದು ಪ್ರೋಟಿಯೇಸ್ ರಿಸೆಪ್ಟರಿನ ಬಾಲವನ್ನು ಕತ್ತರಿಸಿ ಹಾಕುತ್ತಿತ್ತು. ಈಗ ಅದನ್ನು ಕ್ಯಾಲ್ಪೇನ್ ಎಂದು ಕರೆಯುತ್ತೇವೆ. ಉಳಿದ 150ರ ತುಂಡಿನಲ್ಲಿ ಹೊರಭಾಗ ಇದೆ, ಕೈನೇಸ್ ಇದೆ, ಬಾಲದ ಕೊನೆ ಇಲ್ಲ.

ಈಗ ನಿಮ್ಮ ಎರಡು ಆಂಟಿಬಾಡಿ ಪಕ್ಕಪಕ್ಕ ಇಡಿ. ಪಕ್ಕದ ಲ್ಯಾಬಿನದು ಹೊರಭಾಗ ನೋಡುತ್ತದೆ. ಅದಕ್ಕೆ 170 ಮತ್ತು 150 ಎರಡೂ ಕಾಣುತ್ತವೆ. ನಿಮ್ಮದು ಬಾಲದ ತುದಿ ನೋಡುತ್ತದೆ. ಬಾಲ ಕಳಕೊಂಡ 150 ಅದಕ್ಕೆ ಕಾಣುವುದೇ ಇಲ್ಲ. ಎರಡೂ ಸರಿಯಾಗಿ ಕೆಲಸ ಮಾಡುತ್ತಿವೆ, ಕೆಟ್ಟಿರುವುದು ನಿಮ್ಮ ಲೈಸೇಟ್. ಇದರ ಅಪಾಯ ಏನೆಂದರೆ ನಿಮ್ಮ ಆಂಟಿಬಾಡಿ ಮಾತ್ರ ಇದ್ದಿದ್ದರೆ, ಅರ್ಧ ರಿಸೆಪ್ಟರ್ ಕತ್ತರಿಸಿ ಹೋದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. 170ರ ಬ್ಯಾಂಡ್ ತೆಳ್ಳಗಾಗಿರುತ್ತಿತ್ತು ಅಷ್ಟೇ. ಔಷಧ ಹಾಕಿದ ಸೆಲ್‌ಗಳಲ್ಲಿ ಹೀಗಾದರೆ, ಔಷಧ ಇಜಿಎಫ್‌ಆರ್ ಕಡಿಮೆ ಮಾಡಿತು ಎಂದು ಬರೆದುಬಿಡುತ್ತಿದ್ದಿರಿ.

ನಿಮ್ಮ ಲೈಸಿಸ್ ಬಫರಿನಲ್ಲಿ ಪ್ರೋಟಿಯೇಸ್ ಇನ್‌ಹಿಬಿಟರ್ ಮಾತ್ರೆ ಯಾವುದು ಎಂದು ಡಬ್ಬಿ ತಿರುಗಿಸಿ ನೋಡಿ. ಇಡಿಟಿಎ ಇಲ್ಲದ ಮಾತ್ರೆಯಾದರೆ ಕ್ಯಾಲ್ಸಿಯಂ ಹಿಡಿದಿಡುವವರು ಯಾರೂ ಇಲ್ಲ. ಹಿಸ್ಟಿಡಿನ್ ಟ್ಯಾಗ್ ಕೆಲಸಕ್ಕೆಂದು ತಂದ ಅಂಥ ಮಾತ್ರೆ ಎಷ್ಟೋ ಲ್ಯಾಬ್‌ಗಳಲ್ಲಿ ಎಲ್ಲದಕ್ಕೂ ಬಳಕೆಯಾಗುತ್ತಿರುತ್ತದೆ. ಬಫರಿಗೆ ಇಡಿಟಿಎ ಅಥವಾ ಇಜಿಟಿಎ ಸೇರಿಸಿ. ಸೆಲ್‌ಗಳನ್ನು ಮೀಡಿಯಂನಲ್ಲೇ ಕೆರೆದು ಎತ್ತಬೇಡಿ, ಅದರಲ್ಲಿ ಕ್ಯಾಲ್ಸಿಯಂ ಇರುತ್ತದೆ. ಕ್ಯಾಲ್ಸಿಯಂ ಇಲ್ಲದ ತಣ್ಣನೆಯ ಪಿಬಿಎಸ್‌ನಲ್ಲಿ ತೊಳೆದು, ಪ್ಲೇಟ್ ಮೇಲೆಯೇ ಲೈಸಿಸ್ ಬಫರ್ ಸುರಿಯಿರಿ. ಎರಡೂ ಬಗೆಯ ಲೈಸೇಟ್ ಪಕ್ಕಪಕ್ಕದ ಲೇನ್‌ನಲ್ಲಿ ಓಡಿಸಿ, ಪಕ್ಕದ ಲ್ಯಾಬಿನ ಆಂಟಿಬಾಡಿಯನ್ನೇ ಹಾಕಿ. 150 ಮಾಯವಾದರೆ ಕಾರಣ ಸಿಕ್ಕಿತು.

170 ಎಂಬ ಗಾತ್ರದ ಬಗ್ಗೆಯೂ ಒಂದು ಮಾತು. ಅಮಿನೋ ಆಮ್ಲಗಳ ತೂಕ ಕೂಡಿದರೆ ಇಜಿಎಫ್‌ಆರ್ ಸುಮಾರು 134 ಕಿಲೋಡಾಲ್ಟನ್ ಬರುತ್ತದೆ. ಉಳಿದದ್ದು ಹೊರಭಾಗಕ್ಕೆ ಅಂಟಿಕೊಂಡ ಸಕ್ಕರೆ ಸರಪಳಿಗಳ ಕೊಡುಗೆ. ಪಿಎನ್‌ಜಿಯೇಸ್ ಎಫ್ ಎಂಬ ಕಿಣ್ವ ಆ ಸಕ್ಕರೆ ಕಳಚುತ್ತದೆ. ಅದನ್ನು ಹಾಕಿದ ಲೇನ್‌ನಲ್ಲಿ ನಿಮ್ಮ 170ರ ಬ್ಯಾಂಡ್ 130ರ ಆಸುಪಾಸಿಗೆ ಇಳಿಯಬೇಕು. ಇಳಿದರೆ ಅದು ಸಕ್ಕರೆ ಹೊತ್ತ ದೊಡ್ಡ ಪ್ರೋಟೀನ್ ಎಂಬುದು ಖಚಿತ. ಖರ್ಚು ಕಮ್ಮಿ, ಒಂದೇ ದಿನದ ಕೆಲಸ, ರಿಸೆಪ್ಟರ್ ಮೇಲೆ ಕೆಲಸ ಮಾಡುವವರು ಇದನ್ನು ಯಾಕೆ ಇಷ್ಟು ಕಡಿಮೆ ಮಾಡುತ್ತಾರೋ ನನಗೆ ಅರ್ಥವಾಗಿಲ್ಲ.

ಇನ್ನು 70ರ ಬ್ಯಾಂಡ್. ಚಿಕ್ಕ ಐಸೊಫಾರ್ಮ್ ಇರಬಹುದೇ ಎಂದು ಕೇಳಿದ್ದೀರಿ. ಇಜಿಎಫ್‌ಆರ್‌ಗೆ ಚಿಕ್ಕ ರೂಪಗಳಿರುವುದು ನಿಜ. ಆದರೆ ಸೆಲ್‌ಗಳು ಸಹಜವಾಗಿ ಮಾಡುವ ಆ ಕಿರಿಯ ರೂಪಗಳು ಹೊರಭಾಗ ಮಾತ್ರ ಇರುವಂಥವು. ಪೊರೆಯ ತುಂಡೂ ಇಲ್ಲ, ಬಾಲವೂ ಇಲ್ಲ. ಎ431 ಕೂಡ ಅಂಥದ್ದೊಂದನ್ನು ಮೀಡಿಯಂಗೆ ಬಿಡುತ್ತದೆ. ಸಿ-ತುದಿಯ ಆಂಟಿಬಾಡಿಗೆ ಇವು ಯಾವುವೂ ಕಾಣುವುದಿಲ್ಲ. ಹಾಗಾದರೆ ಒಳಭಾಗದ ತುಂಡೇನಾದರೂ ಬೇರ್ಪಟ್ಟು ನಿಂತಿದೆಯೇ? ಗಾತ್ರದ ಲೆಕ್ಕದಲ್ಲಿ ಅದು ಅಸಾಧ್ಯವಲ್ಲ. ಆದರೆ ನಿಮ್ಮ ಬ್ಲಾಟ್ ಅದನ್ನೂ ತಳ್ಳಿಹಾಕುತ್ತದೆ. ಎ431ರಲ್ಲಿ ಈ ಜೀನಿನ ಪ್ರತಿಗಳೇ ಹೆಚ್ಚಿವೆ, ಒಂದೊಂದು ಸೆಲ್ಲಿನ ಮೇಲೆ ಇಪ್ಪತ್ತು ಲಕ್ಷದಷ್ಟು ರಿಸೆಪ್ಟರ್ ಇರುತ್ತವೆ. ಎಂಸಿಎಫ್-7ರಲ್ಲಿ ಸಾವಿರಗಳ ಲೆಕ್ಕ. 70ರ ಬ್ಯಾಂಡ್ ಇಜಿಎಫ್‌ಆರ್‌ನಿಂದ ಹುಟ್ಟಿದ್ದಾಗಿದ್ದರೆ ಎ431ರಲ್ಲಿ ಹತ್ತಾರು ಪಟ್ಟು ದಪ್ಪ ಇರಬೇಕಿತ್ತು. ಎರಡರಲ್ಲೂ ಒಂದೇ ದಪ್ಪ ಎಂದು ನೀವೇ ಬರೆದಿದ್ದೀರಿ. ಅಲ್ಲಿಗೆ ಉತ್ತರ ಸಿಕ್ಕಂತೆ.

ಹಾಗಾದರೆ ಅದೇನು? ಮೊದಲು ಪ್ರೈಮರಿ ಆಂಟಿಬಾಡಿ (ಮೊಲದ್ದು) ಬಿಟ್ಟು, ಅದನ್ನು ಹಿಡಿದು ಸಿಗ್ನಲ್ ಕೊಡುವ ಸೆಕೆಂಡರಿ ಮಾತ್ರ ಹಾಕಿ ನೋಡಿ. ನಿಮ್ಮ ಸೆಕೆಂಡರಿ ಬಯೋಟಿನ್ ಇರುವುದಾಗಿ, ಮೇಲೆ ಬಯೋಟಿನ್ ಹಿಡಿಯುವ ಸ್ಟ್ರೆಪ್ಟಾವಿಡಿನ್ ಹಾಕುತ್ತಿದ್ದರೆ ಅನುಮಾನವೇ ಬೇಡ. ಮೈಟೊಕಾಂಡ್ರಿಯದ ಕೆಲವು ಕಾರ್ಬಾಕ್ಸಿಲೇಸ್‌ಗಳು ಸಹಜವಾಗಿಯೇ ಬಯೋಟಿನ್ ಹೊತ್ತಿರುತ್ತವೆ. ಅವು 70-75ರ ಹತ್ತಿರ ಮತ್ತು 130ರ ಹತ್ತಿರ ಬ್ಯಾಂಡ್ ಕೊಡುತ್ತವೆ, ಎಲ್ಲ ಸೆಲ್‌ಗಳಲ್ಲೂ. ಸೀರಮ್ ಸರಿಯಾಗಿ ತೊಳೆಯದಿದ್ದರೆ 66ರಲ್ಲಿ ಬರುವ ದನದ ಆಲ್ಬುಮಿನ್ ಕೂಡ ಆಟ ಆಡಿಸುತ್ತದೆ. ಇವೆರಡೂ ಅಲ್ಲ ಎಂದಾದರೆ, ಪ್ರೈಮರಿಯೇ ಬೇರೊಂದು ಪ್ರೋಟೀನ್ ಹಿಡಿಯುತ್ತಿದೆ ಎಂದರ್ಥ.

ಇಲ್ಲಿ ಕಂಪನಿಯವರ ಪೆಪ್ಟೈಡ್ ಬ್ಲಾಕಿಂಗ್ ಮಾತಿಗೆ ಬರೋಣ. ಆಂಟಿಬಾಡಿ ತಯಾರಿಸಲು ಬಳಸಿದ ಪೆಪ್ಟೈಡನ್ನೇ ಮೊದಲು ಬೆರೆಸಿದರೆ ಬ್ಯಾಂಡ್ ಮಾಯವಾಗುತ್ತದೆ, ಆದ್ದರಿಂದ ಬ್ಯಾಂಡ್ ಸರಿ ಎಂಬುದು ಅವರ ವಾದ. ಈ ವಾದದಲ್ಲಿ ದೊಡ್ಡ ತೂತಿದೆ. ಒಂದೇ ಕೀಲಿ ಎರಡು ಮನೆಯ ಬೀಗಕ್ಕೂ ಹೊಂದುತ್ತದೆ ಎಂದುಕೊಳ್ಳಿ. ಕೀಲಿ ಕಿತ್ತುಕೊಂಡರೆ ಎರಡು ಬಾಗಿಲೂ ತೆರೆಯುವುದಿಲ್ಲ. ಅದರಿಂದ ಆ ಕೀಲಿ ಯಾವ ಮನೆಯದು ಎಂದು ತಿಳಿಯುತ್ತದೆಯೇ? ಪೆಪ್ಟೈಡ್ ಹಾಕಿದಾಗ ಸರಿಯಾದ ಬ್ಯಾಂಡೂ ಹೋಗುತ್ತದೆ, ತಪ್ಪು ಬ್ಯಾಂಡೂ ಹೋಗುತ್ತದೆ.

ಇದು ಬಾಯಿಮಾತಿನ ಆಕ್ಷೇಪವಲ್ಲ. ಎರಿತ್ರೊಪೊಯೆಟಿನ್ ರಿಸೆಪ್ಟರ್ ವಿಷಯದಲ್ಲಿ ಇದು ರೋಗಿಗಳ ಚಿಕಿತ್ಸೆಯ ತನಕ ಹೋಯಿತು. ಎರಿತ್ರೊಪೊಯೆಟಿನ್ ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್. ಕ್ಯಾನ್ಸರ್ ರೋಗಿಗಳ ರಕ್ತಹೀನತೆಗೆ ಔಷಧವಾಗಿ ಕೊಡುತ್ತಾರೆ. ಗೆಡ್ಡೆಯ ಸೆಲ್‌ಗಳ ಮೇಲೂ ಅದರ ರಿಸೆಪ್ಟರ್ ಇದೆ ಎಂದು ಹಲವು ಲ್ಯಾಬ್‌ಗಳು ಆಂಟಿಬಾಡಿ ಹಾಕಿ ತೋರಿಸಿದವು. ಹಾಗಿದ್ದರೆ ಔಷಧ ಗೆಡ್ಡೆಯನ್ನೇ ಬೆಳೆಸುತ್ತದೆಯೇ ಎಂಬ ಆತಂಕ ಶುರುವಾಯಿತು. ಅಂಥ ಕೆಲಸದಲ್ಲಿ ತುಂಬಾ ಬಳಕೆಯಾಗಿದ್ದು ಸಿ-20 ಎಂಬ ಆಂಟಿಬಾಡಿ, ಅದೂ ನಿಮ್ಮದರಂತೆ ಪೆಪ್ಟೈಡ್ ವಿರುದ್ಧದ ಪಾಲಿಕ್ಲೋನಲ್. 2006ರಲ್ಲಿ ಆಮ್ಜೆನ್ ಕಂಪನಿಯ ಸ್ಟೀವ್ ಎಲಿಯಟ್ ಮತ್ತು ಸಂಗಡಿಗರು ಅದನ್ನು ಕೂಲಂಕಷವಾಗಿ ಪರೀಕ್ಷೆ ಮಾಡಿದರು. ನಿಜವಾದ ರಿಸೆಪ್ಟರ್ ಬರುವುದು 59 ಕಿಲೋಡಾಲ್ಟನ್‌ನಲ್ಲಿ. ಆಂಟಿಬಾಡಿ ದಪ್ಪಗೆ ತೋರಿಸುತ್ತಿದ್ದದ್ದು 66ರ ಬ್ಯಾಂಡ್. ಅದು ಎಚ್‌ಎಸ್‌ಪಿ70 ಎಂಬ, ಸೆಲ್‌ಗಳಲ್ಲಿ ಹೇರಳವಾಗಿರುವ ಪ್ರೋಟೀನ್ ಎಂದು ತಿಳಿಯಿತು. ಆ ಪೆಪ್ಟೈಡನ್ನು ಹೋಲುವ ಸಾಲು ಎಚ್‌ಎಸ್‌ಪಿ70ರಲ್ಲೂ ಇತ್ತು. ಪೆಪ್ಟೈಡ್ ಬ್ಲಾಕಿಂಗ್ ಇಂಥ ತಪ್ಪನ್ನು ಎಂದಿಗೂ ಹಿಡಿಯಲಾರದು. ಆಮ್ಜೆನ್ ಆ ಔಷಧವನ್ನು ಮಾರುವ ಕಂಪನಿಯೇ, ಅವರ ಲಾಭದ ಪ್ರಶ್ನೆ ಇದರಲ್ಲಿತ್ತು, ಅದನ್ನು ಮರೆಯಬಾರದು. ಆದರೆ ಆ ಪ್ರಯೋಗ ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಾದದ್ದು. ಔಷಧದ ಸುರಕ್ಷತೆಯ ಪ್ರಶ್ನೆ ಬೇರೆ, ಅದನ್ನು ರೋಗಿಗಳ ಮೇಲಿನ ಅಧ್ಯಯನಗಳೇ ಹೇಳಬೇಕು. ಆ ಬ್ಯಾಂಡ್ ಮಾತ್ರ ರಿಸೆಪ್ಟರಿನದಾಗಿರಲಿಲ್ಲ.

ನಾನು ಈ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಂಟಿಬಾಡಿ ಪ್ರೋಟೀನ್ ಇರುವ ಕಡೆ ಏನು ತೋರಿಸುತ್ತದೆ ಎಂದು ಎಲ್ಲರೂ ನೋಡುತ್ತಾರೆ. ಪ್ರೋಟೀನ್ ಇಲ್ಲದ ಕಡೆ ಏನು ತೋರಿಸುತ್ತದೆ ಎಂದು ನೋಡುವವರು ಕಮ್ಮಿ. ನಿಜವಾದ ಪರೀಕ್ಷೆ ಎರಡನೆಯದು. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಈಸ್ಟ್ರೊಜನ್ ರಿಸೆಪ್ಟರ್ ಬೀಟಾಗೆಂದು ಸಿಗುವ 13 ಆಂಟಿಬಾಡಿಗಳನ್ನು ಹೀಗೆ ಪರೀಕ್ಷೆ ಮಾಡಿದಾಗ ಪೂರ್ತಿ ನೆಚ್ಚಬಹುದಾದದ್ದು ಒಂದೇ ಸಿಕ್ಕಿತು. ಆ ಒಂದನ್ನು ಹಾಕಿ ನೋಡಿದರೆ, ಸ್ತನದ ಟಿಶ್ಯೂನಲ್ಲಿ ಇದೆ ಎಂದು ವರ್ಷಗಟ್ಟಲೆ ಬರೆದಿದ್ದ ರಿಸೆಪ್ಟರ್ ಅಲ್ಲಿ ಕಾಣಲೇ ಇಲ್ಲ. 2023ರಲ್ಲಿ ಮಾಂಟ್ರಿಯಲ್ ಕೇಂದ್ರವಾಗಿರುವ ವೈಕ್ಯಾರೋಸ್ ತಂಡ 65 ಪ್ರೋಟೀನ್‌ಗಳಿಗೆ ಮಾರಾಟವಾಗುವ 614 ಆಂಟಿಬಾಡಿಗಳನ್ನು ನಾಕ್‌ಔಟ್ ಸೆಲ್‌ಗಳಲ್ಲಿ (ಆ ಪ್ರೋಟೀನಿನ ಜೀನ್ ಕೆಡಿಸಿದ ಸೆಲ್‌ಗಳಲ್ಲಿ) ಹಾಕಿ ನೋಡಿತು. ಬಹಳಷ್ಟು ಬಿದ್ದುಹೋದವು. ರೀಕಾಂಬಿನೆಂಟ್ ಆಂಟಿಬಾಡಿಗಳು (ಗೊತ್ತಿರುವ ಜೀನ್‌ನಿಂದ ಲ್ಯಾಬ್‌ನಲ್ಲಿ ತಯಾರಿಸಿದವು) ಉಳಿದವುಗಳಿಗಿಂತ ಚೆನ್ನಾಗಿ ನಿಂತವು. ಕಂಪನಿಗಳು ತಾವೇ ಕೆಲವನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡವು, ಇದು ಮೆಚ್ಚಬೇಕಾದ ಮಾತು.

ನಿಮಗೆ ಬೇಕಾದ 'ಇಲ್ಲದ ಕಡೆ' ಯಾವುದು? ಎಲ್ಲಕ್ಕಿಂತ ಒಳ್ಳೆಯದು ಇಜಿಎಫ್‌ಆರ್ ನಾಕ್‌ಔಟ್ ಮಾಡಿದ ಹೀಲಾ ಸೆಲ್, ಪಕ್ಕದಲ್ಲಿ ಮಾಮೂಲಿ ಹೀಲಾ. ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರ ಬಂದ ಮೇಲೆ ಇಂಥ ಸೆಲ್‌ಗಳು ಎಷ್ಟೋ ಲ್ಯಾಬ್‌ಗಳಲ್ಲಿವೆ, ಕೇಳಿದರೆ ಕೊಡುವವರು ಇದ್ದಾರೆ, ನಾಚಿಕೊಳ್ಳಬೇಡಿ. ತಯಾರು ಲೈಸೇಟ್ ಮಾರುವವರೂ ಇದ್ದಾರೆ. ಅದು ಆಗದಿದ್ದರೆ ಎಸ್‌ಐಆರ್‌ಎನ್‌ಎ (ಆ ಪ್ರೋಟೀನಿನ ತಯಾರಿಕೆ ತಗ್ಗಿಸುವ ಆರ್‌ಎನ್‌ಎ ತುಂಡು) ಹಾಕಿ ಮೂರು ದಿನ ಬಿಟ್ಟು ನೋಡಿ. ಇಜಿಎಫ್‌ಆರ್ ಬೇಗ ಸವೆಯುವ ಪ್ರೋಟೀನ್ ಅಲ್ಲ, ಮಾರನೇ ದಿನವೇ ನೋಡಿ ನಿರಾಶರಾಗಬೇಡಿ. 170 ಇಳಿದು 70 ಹಾಗೇ ಉಳಿದರೆ ನಿಮ್ಮ ಕೈಯಲ್ಲಿ ಪುರಾವೆ ಬಂತು. ಸಿಎಚ್‌ಒ ಎಂಬ ಹ್ಯಾಮ್‌ಸ್ಟರ್ ಸೆಲ್‌ಗಳಲ್ಲಿ ಸ್ವಂತ ಇಜಿಎಫ್‌ಆರ್ ಇಲ್ಲವೆಂದು ಅವಕ್ಕೆ ಮನುಷ್ಯರ ಜೀನ್ ತುಂಬಿ ತೋರಿಸುವವರಿದ್ದಾರೆ. ಅದರಿಂದ ಆಂಟಿಬಾಡಿ ಇಜಿಎಫ್‌ಆರ್ ನೋಡಬಲ್ಲದು ಎಂದು ತಿಳಿಯುತ್ತದೆ. ಮನುಷ್ಯರ ಸೆಲ್ಲಿನಲ್ಲಿ ಅದನ್ನು ಮಾತ್ರ ನೋಡುತ್ತದೆ ಎಂದು ತಿಳಿಯುವುದಿಲ್ಲ. ಇಜಿಎಫ್‌ಆರ್‌ನ ಹತ್ತಿರದ ನೆಂಟ ಹರ್-2, ಅದು 185ರ ಹತ್ತಿರ ಬರುತ್ತದೆ. ನಿಮ್ಮ ಜೆಲ್‌ನಲ್ಲಿ 170 ಮತ್ತು 185 ಬೇರೆ ಮಾಡುವುದು ಕಷ್ಟ. ಹರ್-2 ತುಂಬಿರುವ ಎಸ್‌ಕೆ-ಬಿಆರ್-3 ಲೈಸೇಟ್ ಒಂದು ಲೇನ್‌ನಲ್ಲಿ ಇದ್ದರೆ ಆ ಅನುಮಾನವೂ ಅಳತೆಗೆ ಸಿಗುತ್ತದೆ. ಆದರೆ ಆ ಸೆಲ್ಲಿನಲ್ಲಿ ಇಜಿಎಫ್‌ಆರ್ ಕೂಡ ಇರುತ್ತದೆ, ಬ್ಯಾಂಡ್ ಬಂದ ಕೂಡಲೇ ಗಾಬರಿಯಾಗಬೇಡಿ, ಎ431ಕ್ಕಿಂತ ಎಷ್ಟು ತೆಳ್ಳಗಿದೆ ನೋಡಿ.

ಎಂಸಿಎಫ್-7 ಮತ್ತು ಎ431 ಎಲ್ಲಿಂದ ಬಂದವು ಎಂದು ನೀವು ಬರೆದಿಲ್ಲ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಸಂಗ್ರಹದಿಂದ ನೇರ ತರಿಸಿದ್ದರೆ ಸರಿ. ಲ್ಯಾಬಿಂದ ಲ್ಯಾಬಿಗೆ ಕೈ ಬದಲಾಯಿಸಿ ಬಂದಿದ್ದರೆ ಎಸ್‌ಟಿಆರ್ ಎಂಬ ಡಿಎನ್‌ಎ ಗುರುತಿನ ಪರೀಕ್ಷೆ ಮಾಡಿಸಿ. ಸೆಲ್ ಯಾವುದೆಂದು ಗೊತ್ತಿಲ್ಲದೆ ಆಂಟಿಬಾಡಿ ಮೇಲೆ ತೀರ್ಪು ಕೊಡಲಾಗದು.

ಗೈಡ್‌ಗೆ ಏನು ಹೇಳುವುದು ಎಂಬ ಚಿಂತೆ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಬೇರೆ ಆಂಟಿಬಾಡಿ ತರಿಸಬೇಕು ಎಂಬ ಅವರ ಮಾತು ಫ್ಲೋ ಮಟ್ಟಿಗೆ ಸರಿಯೇ, ಕಾರಣ ಮಾತ್ರ ಬೇರೆ. ಹೊರಭಾಗದ ಮೊನೊಕ್ಲೋನಲ್ ಒಂದು, ಸಾಧ್ಯವಾದರೆ ಬಣ್ಣ ನೇರ ಅಂಟಿಸಿದ್ದು, ಅದರದೇ ಐಸೊಟೈಪ್ ಕಂಟ್ರೋಲ್ (ಅದೇ ಬಗೆಯ, ಆದರೆ ಇಜಿಎಫ್‌ಆರ್ ಹಿಡಿಯದ ಆಂಟಿಬಾಡಿ) ಜೊತೆ ತರಿಸಿ. ಬ್ಲಾಟ್‌ಗೆ ಸದ್ಯ ಇರುವುದೇ ಸಾಕು, 170ರ ಬ್ಯಾಂಡ್ ಮೇಲಿನ ಪರೀಕ್ಷೆಗಳು ಗೆದ್ದರೆ. ಆದರೆ ಪಾಲಿಕ್ಲೋನಲ್ ಅಂದರೆ ಮೊಲ ಬದಲಾದರೆ ಮಾಲೂ ಬದಲಾಗುತ್ತದೆ. ಶೀಶೆಯ ಮೇಲಿನ ಲಾಟ್ ನಂಬರ್ ಈಗಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಶೀಶೆ ಬಂದಾಗ ಹಳೆಯದರ ಪಕ್ಕ ಇಟ್ಟು ಒಂದು ಬ್ಲಾಟ್ ಮಾಡದೆ ಬಳಸಬೇಡಿ. ಚಿಕ್ಕ ಚಿಕ್ಕ ಪಾಲು ಮಾಡಿ ಫ್ರೀಜರಿನಲ್ಲಿಡಿ, ಒಂದೇ ಶೀಶೆಯನ್ನು ಪದೇ ಪದೇ ಕರಗಿಸಿ ಗಟ್ಟಿ ಮಾಡುವುದು ಅದಕ್ಕೆ ಆಗಿಬರುವುದಿಲ್ಲ. ಗ್ಲಿಸರಾಲ್ ಬೆರೆಸಿ ಬಂದದ್ದಾದರೆ ಮೈನಸ್ 20ರಲ್ಲಿ ಹಾಗೇ ಇರಲಿ, ಅದು ಗಟ್ಟಿಯಾಗುವುದಿಲ್ಲ.

ಥೀಸಿಸ್‌ನಲ್ಲಿ ಈ ಚಿತ್ರ ಹಾಕಬಹುದೇ? ಹಾಕಬಹುದು, ಆದರೆ 170ರ ಸುತ್ತ ಚೌಕ ಕತ್ತರಿಸಿ ಅಷ್ಟನ್ನೇ ಹಾಕಬೇಡಿ. ಬ್ಲಾಟ್ ಪೂರ್ತಿ ಹಾಕಿ, 70ರ ಬ್ಯಾಂಡ್ ಕಾಣಲಿ, ಅದು ಇಜಿಎಫ್‌ಆರ್ ಅಲ್ಲ ಎಂದು ಕೆಳಗೆ ಬರೆಯಿರಿ. ಎಸ್‌ಐಆರ್‌ಎನ್‌ಎ ಲೇನ್ ಅಥವಾ ನಾಕ್‌ಔಟ್ ಲೇನ್ ಅದೇ ಮೆಂಬ್ರೇನ್ ಮೇಲೆ ಪಕ್ಕದಲ್ಲೇ ಇರಲಿ, ಆಂಟಿಬಾಡಿಯ ಕ್ಯಾಟಲಾಗ್ ನಂಬರ್, ಲಾಟ್ ನಂಬರ್ ಮತ್ತು ಎಷ್ಟು ಡೈಲ್ಯೂಷನ್ ಎಂಬುದು ವಿಧಾನದ ಅಧ್ಯಾಯದಲ್ಲಿ ಇರಲಿ.